ಮುಯ್ಯಿ ಪುಸ್ತಕ, ಕಿರ್ದಿ, ಕಡತ: ಒಂದು ಊರಿನ ದಾಖಲೆ ಕೋಣೆ ನಡೆಯುವ ಬಗೆ

ದಾವಣಗೆರೆ ಹಳೇಪೇಟೆಯಲ್ಲಿ ಒಂದು ಹಳೇ ಮಾಳಿಗೆ ಮನೆ ಕೆಡವುತ್ತಿದ್ದರು. ರದ್ದಿಯವರ ತಳ್ಳುಗಾಡಿ ಮೇಲೆ ಆಗಲೇ ಎರಡು ಗೋಣಿಚೀಲ ಕಾಗದ ಏರಿತ್ತು. ಚೀಲದ ಮೇಲೆ ರಟ್ಟು ಕಿತ್ತುಹೋದ ಉದ್ದನೆಯ ಪುಸ್ತಕವೊಂದು ಬಿದ್ದಿತ್ತು. ತೆರೆದು ನೋಡಿದರೆ ಮೊದಲ ಪುಟದಲ್ಲಿ ಅರಿಶಿನದ ಕಲೆ, ಮೇಲೆ ‘ಶ್ರೀ’, ಕೆಳಗೆ ಸಾಲಾಗಿ ಹೆಸರುಗಳು.

‘ಅದು ನಮ್ಮಜ್ಜಿ ಮದುವೆ ಮುಯ್ಯಿ ಪುಸ್ತಕ ಕಣ್ರೀ, ಅದರಾಗೇನೈತಿ’ ಅಂದರು ಮನೆಯವರು.

ಅದರಲ್ಲಿ ಊರಿಗೆ ಊರೇ ಇತ್ತು. ಒಬ್ಬರ ಹೆಸರಿನ ಮುಂದೆ 1-0-0, ಅಂದರೆ ಒಂದು ರೂಪಾಯಿ. ಇನ್ನೊಬ್ಬರ ಮುಂದೆ 0-8-0, ಎಂಟಾಣೆ. ಕೆಲವರ ಮುಂದೆ ದುಡ್ಡಿನ ಲೆಕ್ಕವೇ ಇಲ್ಲ. ‘ಕುಬಸದ ಕಣ 1’, ‘ತೆಂಗಿನಕಾಯಿ 2’, ‘ಅಕ್ಕಿ 2 ಸೇರು’ ಎಂದಿದೆ. ಹೆಸರಿನ ಜೊತೆಗೆ ಊರು: ಆನಗೋಡು, ಮಾಯಕೊಂಡ, ಕೊಂಡಜ್ಜಿ, ಬಾತಿ. ಊರಿನವರೇ ಆದರೆ ಗುರುತು: ‘ಗಿರಣಿ’, ‘ಮಂಡಿಪೇಟೆ’, ‘ಕಂಬಳಿ’. ಒಂದು ಮನೆಗೆ ಯಾವ ಊರಿನ ನಂಟು ಇತ್ತು, ಯಾವ ಕಸುಬಿನವರು ಮದುವೆಗೆ ಬರುತ್ತಿದ್ದರು, ಆಗ ಉಡುಗೊರೆ ಅಂದರೆ ಎಷ್ಟು ದುಡ್ಡು, ಎಲ್ಲವೂ ಆ ಪುಟಗಳಲ್ಲಿತ್ತು. ಇಂಥ ವಿವರವನ್ನು ಯಾವ ಸರ್ಕಾರಿ ಕಚೇರಿಯೂ ಬರೆದಿಡುವುದಿಲ್ಲ.

ನಾವು ಏಳೆಂಟು ಜನ ಸೇರಿ ಇಂಥ ಕಾಗದಗಳನ್ನು ಉಳಿಸುವ ಕೆಲಸ ಮಾಡುತ್ತೇವೆ. ನಿವೃತ್ತ ಮೇಷ್ಟ್ರುಗಳು, ಒಬ್ಬ ಪ್ರೆಸ್ ಕೆಲಸಗಾರ, ಬ್ಯಾಂಕಿನಲ್ಲಿದ್ದ ಒಬ್ಬ ಅಕ್ಕ, ಕಾಲೇಜು ಓದುವ ಹುಡುಗರು. ಯಾರಿಗೂ ಸಂಬಳ ಇಲ್ಲ. ಒಂದು ಕೋಣೆ, ಎರಡು ಕಬ್ಬಿಣದ ಬೀರು, ಒಂದು ಸ್ಕ್ಯಾನರ್, ಭಾನುವಾರದ ಮಧ್ಯಾಹ್ನ. ಇಂಥ ಕೋಣೆ ಹೇಗೆ ನಡೆಯುತ್ತದೆ, ಅದರೊಳಗಿನ ಲೆಕ್ಕಾಚಾರ ಏನು ಎಂದು ಜಾಸ್ತಿ ಜನ ಕೇಳುತ್ತಾರೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೀರಿಸೋಣ. ಹಳೇ ದಾಖಲೆಗಳ ಮನೆಗೆ ಪುಸ್ತಕದ ಕನ್ನಡದಲ್ಲಿ ಪತ್ರಾಗಾರ ಅನ್ನುತ್ತಾರೆ. ಇದು ಗ್ರಂಥಾಲಯ ಅಲ್ಲ. ಗ್ರಂಥಾಲಯದ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಬಹುದು. ಈ ಮುಯ್ಯಿ ಪುಸ್ತಕ ಕಳೆದರೆ ಮುಗಿಯಿತು. ಇದು ವಸ್ತುಸಂಗ್ರಹಾಲಯವೂ ಅಲ್ಲ. ಅಲ್ಲಿ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ, ನೋಡಲು ಚೆಂದ ಇರಬೇಕು. ನಮ್ಮ ಕೋಣೆಗೆ ಬರುವ ಕಾಗದ ಚೆಂದ ಇರಬೇಕಿಲ್ಲ. ಅದು ಯಾರದು, ಎಲ್ಲಿಂದ ಬಂತು, ಯಾವುದರ ಜೊತೆಗಿತ್ತು ಎಂಬ ಮೂರು ಸಂಗತಿ ಗೊತ್ತಿರಬೇಕು, ಅಷ್ಟೇ. ಈ ಮೂರು ಗೊತ್ತಿಲ್ಲದಿದ್ದರೆ ಅದು ಬರೀ ಹಳೇ ಕಾಗದ. ಗೊತ್ತಿದ್ದರೆ ಅದು ದಾಖಲೆ. ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

‘ಸರ್ಕಾರದ್ದೇ ರಾಜ್ಯ ಪತ್ರಾಗಾರ ಬೆಂಗಳೂರಲ್ಲಿ ಇದೆಯಲ್ಲ, ನಿಮ್ಮದು ಯಾಕೆ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಉತ್ತರ ನಮ್ಮ ಜಿಲ್ಲೆಯ ನಕ್ಷೆಯಲ್ಲೇ ಇದೆ.

ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿಯ ಕತೆ ಇನ್ನೂ ಉದ್ದ. 1953ರವರೆಗೆ ಅದು ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, ಆಮೇಲೆ ತಿರುಗಿ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. ಊರು ಇದ್ದಲ್ಲೇ ಇದೆ. ಊರಿನ ಕಾಗದ ಮಾತ್ರ ಊರೂರು ಅಲೆದಿದೆ. ಹರಪನಹಳ್ಳಿಯ ಒಂದು ಹಳೇ ಜಮೀನಿನ ವಿಷಯ ಹುಡುಕುವವರು ಎಷ್ಟು ಕಡೆ ಬಾಗಿಲು ತಟ್ಟಬೇಕು, ಯೋಚಿಸಿ.

ಕಲ್ಲಿನ ಮೇಲೆ ಬರೆದದ್ದಕ್ಕೂ ಇದೇ ಪಾಡು. ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1886ರಿಂದ 1905ರವರೆಗೆ 12 ಸಂಪುಟ ಬಂದವು. ಸಂಪುಟಗಳನ್ನು ಹಂಚಿದ್ದು ಆಗಿನ ಜಿಲ್ಲೆಗಳ ಪ್ರಕಾರ. ಹಾಗಾಗಿ ಹರಿಹರದ ಹರಿಹರೇಶ್ವರ ದೇವಸ್ಥಾನದ ಶಾಸನಗಳು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ. ಹೊನ್ನಾಳಿ, ಚನ್ನಗಿರಿಯವು ಶಿವಮೊಗ್ಗದ 7ನೇ ಸಂಪುಟದಲ್ಲಿವೆ. ಹರಪನಹಳ್ಳಿ ಕಡೆಯವು ಬೇಕಾದರೆ ಮದ್ರಾಸಿನವರು ತಂದ ‘ದಕ್ಷಿಣ ಭಾರತ ಶಾಸನಗಳು’ ಮಾಲೆಯ 9ನೇ ಸಂಪುಟಕ್ಕೆ ಹೋಗಬೇಕು. ಇವತ್ತಿನ ಜಿಲ್ಲೆಯ ಹೆಸರು ಹಿಡಿದು ಹುಡುಕಿದ ಹುಡುಗ ಬರಿಗೈಲಿ ವಾಪಸ್ ಬರುತ್ತಾನೆ. ಇಂಥ ‘ಯಾವುದು ಎಲ್ಲಿದೆ’ ಎಂಬ ಪಟ್ಟಿ ಮಾಡಿಡುವುದೂ ಊರಿನ ದಾಖಲೆ ಕೋಣೆಯ ಕೆಲಸವೇ. ಎಲ್ಲವನ್ನೂ ತಂದು ಇಟ್ಟುಕೊಳ್ಳಬೇಕೆಂದಿಲ್ಲ. ದಾರಿ ತೋರಿಸಿದರೂ ದೊಡ್ಡ ಉಪಕಾರ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಸರ್ಕಾರದ ಪತ್ರಾಗಾರದಲ್ಲಿ ಇರುವುದು ಹೆಚ್ಚಾಗಿ ಸರ್ಕಾರ ಬರೆದ ಕಾಗದ. ಕಂದಾಯ, ಹುಕುಂ, ಪತ್ರ ವ್ಯವಹಾರ. ದಾವಣಗೆರೆ ಬೆಳೆದದ್ದು ಹುಕುಮಿನಿಂದಲ್ಲ, ವ್ಯಾಪಾರದಿಂದ. ಹೈದರಾಲಿ ಈ ಊರನ್ನು ಆಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆದು ನೆಲೆ ನಿಲ್ಲಿಸಿದ ಎಂದು ರೈಸ್ ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಆಗ ಕಂಬಳಿ ವ್ಯಾಪಾರ ಜೋರು. ಆಮೇಲೆ ಹತ್ತಿ, ಜಿನ್ನಿಂಗ್, ಹತ್ತಿ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಬಂದದ್ದು ಆ ಗಿರಣಿಗಳಿಂದ. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಜರಿ ಪುಸ್ತಕ, ಸಂಬಳದ ಚೀಟಿ, ಯೂನಿಯನ್ನಿನ ಕರಪತ್ರ, ಇವೆಲ್ಲ ಯಾರ ಮನೆಯ ಅಟ್ಟದ ಮೇಲಿವೆಯೋ.

ಪಕ್ಕದ ಚಿತ್ರದುರ್ಗ ನೋಡಿ. ಅಲ್ಲಿ ಏಳು ಸುತ್ತಿನ ಕೋಟೆ ಇದೆ, ಪಾಳೇಗಾರರ ಕತೆ ಇದೆ, ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಇದೆ. ಇತಿಹಾಸ ಕಣ್ಣಿಗೆ ಕಾಣುವ ಹಾಗೆ ನಿಂತಿದೆ. ಆದರೆ ಅಲ್ಲೂ ಬಿಡಿ ಕಾಗದ, ಓಲೆಗರಿ, ನಾಣ್ಯ ಉಳಿದದ್ದು ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಮನೆಮನೆ ತಿರುಗಿ ಕೂಡಿಹಾಕಿದ್ದರಿಂದ. ಅವರು ಕೂಡಿಸಿದ ವಸ್ತುಗಳು ಇವತ್ತು ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಕೋಟೆ ಇರುವ ಊರಿಗೇ ಇಂಥವರು ಬೇಕಾಯಿತು ಅಂದಮೇಲೆ ನಮ್ಮ ವ್ಯಾಪಾರದ ಊರಿಗೆ ಎಷ್ಟು ಬೇಡ? ನಮ್ಮ ಕೋಟೆ ಇರುವುದು ಕಿರ್ದಿ ಪುಸ್ತಕಗಳಲ್ಲಿ.

ಈಗ ಕೆಲಸದ ಒಳಗೆ ಹೋಗೋಣ.

ಒಂದು ಟ್ರಂಕು ಬಂತು ಅಂದುಕೊಳ್ಳಿ. ಮೊದಲು ಮಾಡಬೇಕಾದ್ದು ದಾಖಲಾತಿ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ವರ್ಷ, ಆ ವರ್ಷದ ಎಷ್ಟನೇ ಸಂಗ್ರಹ, ಯಾರು ಕೊಟ್ಟರು, ಅವರಿಗೆ ಹೇಗೆ ಬಂತು, ಮನೆಯ ಯಾವ ಜಾಗದಲ್ಲಿತ್ತು, ಒಳಗೆ ಏನೇನು ಕಾಣುತ್ತಿದೆ. ಇದನ್ನು ಅವತ್ತೇ ಬರೆಯಬೇಕು. ನಾಳೆ ಅಂದರೆ ಮರೆತುಹೋಗುತ್ತದೆ. ನೆನಪು ಇರುತ್ತದೆ ಎಂದು ನಂಬಿದ ಸಂಗ್ರಹಗಳೆಲ್ಲ ಹತ್ತು ವರ್ಷದಲ್ಲಿ ಅನಾಥ ಆಗುತ್ತವೆ. ನಮ್ಮ ಬೀರುವಿನಲ್ಲೂ ಅಂಥ ಒಂದು ಕಟ್ಟು ಇದೆ. ಒಳ್ಳೊಳ್ಳೆ ಫೋಟೋಗಳು, ಆದರೆ ಯಾರ ಮನೆಯವು ಎಂದು ಯಾರಿಗೂ ಗೊತ್ತಿಲ್ಲ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಎರಡನೆಯದು, ಒಳಗಿದ್ದ ಕ್ರಮ ಕೆಡಿಸಬಾರದು. ಇದನ್ನು ನಾವು ಕಲಿತದ್ದು ತಪ್ಪು ಮಾಡಿ. ಶುರುವಿನ ವರ್ಷ ಒಂದು ದಲಾಲಿ ಅಂಗಡಿಯವರ ಟ್ರಂಕು ಬಂತು. ಉತ್ಸಾಹದಲ್ಲಿ ಅವತ್ತೇ ಎಲ್ಲ ವಿಂಗಡಿಸಿಬಿಟ್ಟೆವು. ಕಾಗದ ಒಂದು ಕಡೆ, ಫೋಟೋ ಒಂದು ಕಡೆ, ಬಿಲ್ಲು, ಲಗ್ನಪತ್ರಿಕೆ ಇನ್ನೊಂದು ಕಡೆ. ಅಚ್ಚುಕಟ್ಟಾಗಿ ಕಂಡಿತು. ಆರು ತಿಂಗಳ ಮೇಲೆ ಕಾಗದಗಳನ್ನು ಓದುತ್ತಾ ಹೋದರೆ ಒಂದರಲ್ಲಿ ‘ಇದರೊಂದಿಗೆ ಅಣ್ಣನ ಫೋಟೋ ಇಟ್ಟಿದ್ದೇನೆ’ ಎಂದು ಬರೆದಿತ್ತು. ಯಾವ ಫೋಟೋ? ನಮ್ಮ ಗುಡ್ಡೆಯಲ್ಲಿ ಹೆಸರಿಲ್ಲದ ಗಂಡಸರ ಫೋಟೋ ಹನ್ನೊಂದು ಇದ್ದವು. ಆ ಮಡಿಕೆಯೊಳಗೆ ಎಷ್ಟೋ ವರ್ಷ ಜೋಪಾನವಾಗಿದ್ದ ಗುರುತನ್ನು ನಾವು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದೆವು.

ಪತ್ರಾಗಾರದ ಓದು ಓದಿದವರಿಗೆ ಇದು ಮೊದಲ ಪಾಠ. ಒಬ್ಬರ ಕಾಗದವನ್ನು ಇನ್ನೊಬ್ಬರ ಕಾಗದದ ಜೊತೆ ಬೆರೆಸಬಾರದು. ಅವರು ಇಟ್ಟುಕೊಂಡಿದ್ದ ಸಾಲನ್ನು ಬದಲಿಸಬಾರದು. ಯಾಕೆಂದರೆ ಆ ಸಾಲೇ ಒಂದು ಮಾಹಿತಿ. ವಿಷಯವಾರು ಹುಡುಕಬೇಕಾದರೆ ಪಟ್ಟಿ ಮಾಡಿಕೊಳ್ಳಿ. ‘ಗಿರಣಿ’ ಎಂದು ಹುಡುಕಿದರೆ ಐದು ಟ್ರಂಕಿನಲ್ಲಿರುವ ಐದು ಕಾಗದ ಪಟ್ಟಿಯಲ್ಲಿ ಸಿಗಲಿ. ಕಾಗದ ಮಾತ್ರ ತನ್ನ ತನ್ನ ಟ್ರಂಕಿನಲ್ಲೇ ಇರಲಿ.

ಇನ್ನು ಕಾಗದ ಯಾವ ಕಾಲದ್ದು ಎಂದು ಪತ್ತೆ ಹಚ್ಚುವ ಕೆಲಸ. ನನಗೆ ಇದರಲ್ಲಿ ಸಿಗುವಷ್ಟು ಖುಷಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಅಂಗಡಿಯವರ ದಿನದ ಲೆಕ್ಕದ ಪುಸ್ತಕಕ್ಕೆ ಕಿರ್ದಿ ಅನ್ನುತ್ತಾರೆ. ಅವತ್ತು ಬಂದದ್ದು, ಹೋದದ್ದು ಎಲ್ಲ ಬಂದ ಹಾಗೇ ಅದರಲ್ಲಿ ಬರೆಯುತ್ತಾರೆ. ಆಮೇಲೆ ಅದನ್ನು ಒಬ್ಬೊಬ್ಬರ ಹೆಸರಿನ ಖಾತೆಗೆ ಎತ್ತಿ ಬರೆಯುತ್ತಾರೆ. ನಮಗೆ ಬಂದ ಒಂದು ಕಿರ್ದಿಯ ಮೊದಲ ಪುಟದಲ್ಲಿ ಇಸವಿ ಇಲ್ಲ. ‘ಯುವ ಸಂ|| ಕಾರ್ತಿಕ ಶು|| 1’ ಎಂದಷ್ಟೇ ಇದೆ. ಕಾರ್ತಿಕ ಶುದ್ಧ ಪಾಡ್ಯ ಅಂದರೆ ಬಲಿಪಾಡ್ಯಮಿ. ವ್ಯಾಪಾರಿಗಳು ದೀಪಾವಳಿಗೆ ಪೂಜೆ ಮಾಡಿ ಹೊಸ ಪುಸ್ತಕ ತೆರೆಯುವ ದಿನ. ಸರಿ, ಯಾವ ವರ್ಷದ ದೀಪಾವಳಿ? ಸಂವತ್ಸರದ ಹೆಸರುಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಯುವ ಸಂವತ್ಸರ ಬಂದದ್ದು 1995-96ರಲ್ಲಿ. ಅದಕ್ಕೂ ಹಿಂದೆ 1935-36, ಅದಕ್ಕೂ ಹಿಂದೆ 1875-76. ಈ ಮೂರರಲ್ಲಿ ಒಂದು.

ಪುಸ್ತಕದಲ್ಲಿ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಾಗಾಗಿ 1995 ಅಲ್ಲ. ಉಳಿದದ್ದು ಎರಡು. ಹತ್ತು ಪುಟ ಮಗುಚಿದರೆ ಒಂದು ಖರ್ಚು: ‘ರೈಲ್ವೆ ಪಾರ್ಸಲ್ ಬಾಬ್ತು’. 1875ರಲ್ಲಿ ಈ ಕಡೆಗೆ ರೈಲೇ ಬಂದಿರಲಿಲ್ಲ. ಅಲ್ಲಿಗೆ ಗಂಟು ಬಿಚ್ಚಿತು. 1935ರ ದೀಪಾವಳಿಯ ದಿನ ತೆರೆದ ಪುಸ್ತಕ ಅದು. ಹೊಸ ಸಂವತ್ಸರ ಯುಗಾದಿಗೆ ಶುರುವಾಗುತ್ತದೆ, ಅಂಗಡಿಯ ವರ್ಷ ದೀಪಾವಳಿಗೆ. ಹಾಗಾಗಿ ಅದೇ ಪುಸ್ತಕದ ನಡುವೆ ಸಂವತ್ಸರ ‘ಧಾತು’ ಎಂದು ಬದಲಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ಎರಡು ಪುಸ್ತಕ ಸೇರಿಸಿ ಹೊಲಿದಿದ್ದಾರೆ ಅಂದುಕೊಳ್ಳುವ ಸಂಭವ ಉಂಟು.

ಇಂಥ ಸುಳಿವುಗಳು ಎಲ್ಲ ಕಾಗದದಲ್ಲೂ ಇರುತ್ತವೆ. ವಿಳಾಸದಲ್ಲಿ 577001 ಎಂಬ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಲೆಟರ್‌ಹೆಡ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಬಹುತೇಕ 1973ರ ನವೆಂಬರ್ 1ಕ್ಕೆ ಮುಂಚಿನದು. ಬಹುತೇಕ ಯಾಕೆ ಅಂದರೆ, ಅಚ್ಚು ಹಾಕಿಸಿದ ಕಾಗದ ಮುಗಿಯುವ ತನಕ ಹಳೇ ಹೆಸರಿನದ್ದನ್ನೇ ಬಳಸುವುದು ನಮ್ಮ ಜನರ ರೂಢಿ. ‘ಚಿತ್ರದುರ್ಗ ಜಿಲ್ಲೆ’ ಎಂಬ ಮೊಹರು 1997ರ ಆಚೆಗೂ ಎಷ್ಟೋ ಅಂಗಡಿಗಳಲ್ಲಿ ಓಡಾಡಿದೆ. ಒಂದೇ ಸುಳಿವು ನಂಬಬಾರದು. ಎರಡು ಮೂರು ಸೇರಿ ಒಂದೇ ಕಡೆ ಬೆರಳು ತೋರಿಸಬೇಕು. ಗುರುತು ಹಚ್ಚಿದ ಮೇಲೆ ‘1935’ ಎಂದಷ್ಟೇ ಬರೆದರೆ ಸಾಲದು. ಹೇಗೆ ಗೊತ್ತಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ನಾವು ಎಡವಿದ್ದರೆ ಮುಂದೆ ಬಂದವರು ತಿದ್ದಲಿ.

ಕಾಗದಕ್ಕಿಂತ ಹಳೆಯದೂ ಕೆಲವು ಸಲ ಬರುತ್ತದೆ. ಕಡತ ನೋಡಿದ್ದೀರಾ? ಈಗ ಕಡತ ಅಂದರೆ ಆಫೀಸಿನ ಫೈಲು. ಮೊದಲು ಕಡತ ಅಂದರೆ ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದಾಗ ಕಪ್ಪು ಹಲಗೆಯ ಹಾಗೆ ಗಟ್ಟಿ ಆಗುತ್ತದೆ. ಅದನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳು, ಶಾನುಭೋಗರು ಲೆಕ್ಕ ಇಟ್ಟದ್ದು ಇದರಲ್ಲಿ. ಬೇಡವಾದ ಲೆಕ್ಕ ಒರೆಸಿ ಅದರ ಮೇಲೇ ಹೊಸತು ಬರೆಯಬಹುದಿತ್ತು. ನಮಗೆ ಅಪಾಯ ಇರುವುದೂ ಅಲ್ಲೇ. ಧೂಳು ಇದೆ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಜೊತೆ ಬರಹವೂ ಹೋಗುತ್ತದೆ. ಒಂದು ಮನೆಯಲ್ಲಿ ಆಯುಧಪೂಜೆಗೆ ಕಡತವನ್ನು ‘ಸ್ವಚ್ಛ’ ಮಾಡಿ ಇಟ್ಟಿದ್ದರು. ಭಕ್ತಿಯಿಂದಲೇ ಮಾಡಿದ್ದು. ಆರು ಮಡಿಕೆಯಲ್ಲಿ ಒಂದಕ್ಷರ ಉಳಿದಿರಲಿಲ್ಲ.

ಉಳಿಸುವ ವಿಷಯಕ್ಕೆ ಬಂದರೆ, ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಟೇಪು ಉದುರಿಹೋಗುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟೆ ಬೀಳುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದ ಮೇಲೆ ಅದನ್ನು ಬಿಡಿಸುವ ದಾರಿ ನಮ್ಮಂಥವರಿಗೆ ಇಲ್ಲ. ಕಾಗದ ಒಳಗೊಳಗೇ ಹಳದಿ ಆಗುತ್ತಾ ಹೋಗುತ್ತದೆ. ಗುಂಡುಪಿನ್ನು, ಕ್ಲಿಪ್ಪು ತುಕ್ಕು ಹಿಡಿದು ತೂತು ಮಾಡುತ್ತವೆ. ನಿಧಾನವಾಗಿ ತೆಗೆದು ಬಿಳಿ ಹತ್ತಿ ಲಾಡಿಯಲ್ಲಿ ಸಡಿಲವಾಗಿ ಕಟ್ಟಿ. ಬಾಲ್ ಪೆನ್ನಿನಲ್ಲಿ ನಂಬರ್ ಹಾಕಬೇಡಿ. ಮೆತ್ತನೆಯ ಪೆನ್ಸಿಲ್ ಸಾಕು.

ಹಳೇ ನ್ಯೂಸ್‌ಪೇಪರ್ ಯಾಕೆ ಅಷ್ಟು ಬೇಗ ಪುಡಿ ಆಗುತ್ತದೆ ಗೊತ್ತೇ? ಅಗ್ಗದ ಪೇಪರನ್ನು ಮರದ ತಿರುಳಿನಿಂದ ಮಾಡುತ್ತಾರೆ. ಮರದಲ್ಲಿ ಲಿಗ್ನಿನ್ ಎಂಬ ಅಂಶ ಇರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿ ತಿರುಗಿ ಆಮ್ಲ ಬಿಡುತ್ತದೆ. ಆ ಆಮ್ಲ ಕಾಗದದ ಎಳೆಗಳನ್ನು ಕಡಿಯುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಇಲ್ಲ. ಅದಕ್ಕೇ ನೂರೈವತ್ತು ವರ್ಷದ ಪತ್ರ ಗಟ್ಟಿಯಾಗಿದ್ದು, ಮೂವತ್ತು ವರ್ಷದ ಪೇಪರ್ ಕಟಿಂಗ್ ಕೈಯಲ್ಲಿ ಪುಡಿ ಆಗುವುದು. ಪೇಪರ್ ಕಟಿಂಗನ್ನು ಒಳ್ಳೆ ಪತ್ರದ ಜೊತೆ ಒತ್ತಿ ಇಟ್ಟರೆ ಆಮ್ಲ ಪಕ್ಕಕ್ಕೂ ಹರಡುತ್ತದೆ. ನಡುವೆ ಒಂದು ಒಳ್ಳೆಯ ಆಮ್ಲರಹಿತ ಹಾಳೆ ಇಡಿ.

ಕರಾವಳಿಯ ಊರುಗಳಲ್ಲಿ ಇಂಥ ಕೋಣೆ ನಡೆಸುವವರಿಗೆ ತೇವ, ಬೂಸ್ಟು ದೊಡ್ಡ ಶತ್ರು. ನಮ್ಮ ಬಯಲುಸೀಮೆಯಲ್ಲಿ ಅದು ಕಮ್ಮಿ. ನಮಗೆ ಧೂಳು, ಏಪ್ರಿಲ್ ಮೇ ತಿಂಗಳ ಕಾವು, ಎಲ್ಲಕ್ಕಿಂತ ಮೇಲಾಗಿ ಗೆದ್ದಲು. ಬೀರು ಗೋಡೆಗೆ ತಾಗಿರಬಾರದು. ನೆಲದಿಂದ ಅರ್ಧ ಅಡಿ ಮೇಲೆ ಇರಬೇಕು. ತಿಂಗಳಿಗೊಮ್ಮೆ ಹಿಂದೆ ಟಾರ್ಚ್ ಹಾಕಿ ನೋಡಬೇಕು. ಬಟ್ಟೆಯಲ್ಲಿ ಸುತ್ತುವುದಾದರೆ ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ ಬಳಸಿ. ಕೆಂಪು ಬಟ್ಟೆ ಚೆಂದ ನಿಜ, ಆದರೆ ಒಂದು ಹನಿ ನೀರು ಬಿದ್ದರೆ ಬಣ್ಣ ಬಿಡುತ್ತದೆ.

ಸ್ಕ್ಯಾನಿಂಗ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಾಗದಕ್ಕೆ 300 ಡಿಪಿಐ (ಅಂದರೆ ಇಂಚಿಗೆ ಅಷ್ಟು ಚುಕ್ಕಿ), ಚಿಕ್ಕ ಫೋಟೋಗೆ 600. ಮೂಲ ಪ್ರತಿ ಟಿಫ್ ಫೈಲಿನಲ್ಲಿ, ಹಂಚಲು ಚಿಕ್ಕದಾಗುವ ಜೆಪೆಗ್ ಫೈಲಿನಲ್ಲಿ. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಆದರೆ ಕನ್ನಡದವರಿಗೇ ಇರುವ ಒಂದು ತೊಂದರೆ ಹೇಳಲೇಬೇಕು. ಪಟ್ಟಿಯನ್ನು ಯೂನಿಕೋಡಿನಲ್ಲೇ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲೇ, ಟೈಪ್ ಮಾಡಿ. ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಎಷ್ಟೋ ಕಡೆ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಗುರುತುಗಳು. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಇದೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಾರೆ ತಾಳೆ ನೋಡಬೇಕು.

ಇನ್ನು ಹಕ್ಕಿನ ವಿಷಯ. ಇಲ್ಲಿ ಒಳ್ಳೆ ಮನಸ್ಸಿನವರೂ ತಪ್ಪುತ್ತಾರೆ. ಒಂದು ಪತ್ರ ನಿಮ್ಮ ಮನೆಯಲ್ಲಿದೆ ಅಂದರೆ ಆ ಕಾಗದ ನಿಮ್ಮದು. ಅದರೊಳಗಿನ ಬರಹದ ಹಕ್ಕು ಬರೆದವರದು. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಬರೆದವರು ತೀರಿಕೊಂಡ ನಂತರವೂ ಎಷ್ಟೋ ವರ್ಷ ಆ ಹಕ್ಕು ಅವರ ವಾರಸುದಾರರಿಗೆ ಇರುತ್ತದೆ. ಹಾಗಾಗಿ ಇಟ್ಟುಕೊಳ್ಳಲು ಒಬ್ಬರ ಒಪ್ಪಿಗೆ ಸಾಕು, ಅಚ್ಚು ಹಾಕಲು ಇನ್ನೊಬ್ಬರದೂ ಬೇಕಾಗಬಹುದು. ಕೊಡುವಾಗಲೇ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತೇವೆ. ಶಾಶ್ವತವಾಗಿ ಕೊಟ್ಟದ್ದೋ, ಸ್ಕ್ಯಾನ್ ಮಾಡಿ ವಾಪಸ್ ಕೊಡಬೇಕೋ, ಎಲ್ಲರಿಗೂ ತೋರಿಸಬಹುದೋ ಎಂಬುದು ಅದರಲ್ಲಿರುತ್ತದೆ. ಎಷ್ಟೋ ಮನೆಯವರಿಗೆ ಮೂಲ ಕೊಡಲು ಮನಸ್ಸಿರುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ಸ್ಕ್ಯಾನ್ ಮಾಡಿ ಸಂಜೆಗೆ ಮನೆಗೆ ಮುಟ್ಟಿಸಿದರೆ ಅವರೇ ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ.

ಕಾಯ್ದೆಯಲ್ಲಿ ಇಲ್ಲದ ಒಂದು ಜವಾಬ್ದಾರಿಯೂ ಇದೆ. ಸಾಲದ ಖಾತೆ ಪುಸ್ತಕ ಬಂದಾಗ ಅದರಲ್ಲಿ ಯಾರು ಯಾವಾಗ ಏನು ಅಡ ಇಟ್ಟರು ಎಂದು ಬರೆದಿರುತ್ತದೆ. ಅವರ ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ. ‘ನಿಮ್ಮಜ್ಜ ತಾಳಿ ಅಡ ಇಟ್ಟಿದ್ದ’ ಎಂದು ಯಾರೋ ಬೀದಿಯಲ್ಲಿ ಹೇಳುವಂತೆ ಆಗಬಾರದು. ಅಂಥ ಪುಸ್ತಕ ಬೀರುವಿನಲ್ಲಿರುತ್ತದೆ, ಪಟ್ಟಿಯಲ್ಲಿ ಹೆಸರು ಇರುತ್ತದೆ, ಪುಟಗಳನ್ನು ಅಂತರ್ಜಾಲಕ್ಕೆ ಹಾಕುವುದಿಲ್ಲ. ಓದಬೇಕೆನ್ನುವವರು ಬಂದು ಕೂತು ಓದಬೇಕು, ಹೆಸರು ಬಳಸುವುದಿಲ್ಲ ಎಂದು ಬರೆದುಕೊಡಬೇಕು. ಸರ್ಕಾರಿ ರಿಜಿಸ್ಟರ್ ಯಾರಾದರೂ ತಂದರೆ ನಾವು ಇಟ್ಟುಕೊಳ್ಳುವುದಿಲ್ಲ. ಅದು ಸಾರ್ವಜನಿಕರ ಸ್ವತ್ತು, ಸಂಬಂಧಪಟ್ಟ ಕಚೇರಿಗೋ ರಾಜ್ಯ ಪತ್ರಾಗಾರಕ್ಕೋ ಹೋಗಬೇಕು. ಹಾಗೆ ಹೇಳುವಾಗಲೂ ಒಂದು ಹೊಟ್ಟೆಯುರಿ ಇದೆ. ಒಂದು ಕಚೇರಿ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೇ ರಿಜಿಸ್ಟರುಗಳನ್ನು ತೂಕಕ್ಕೆ ಹಾಕಿತು. ನಮಗೆ ಸುದ್ದಿ ಸಿಕ್ಕಿ ಓಡುವಷ್ಟರಲ್ಲಿ ಲಾರಿ ಹೋಗಿಯಾಗಿತ್ತು. ಗೇಟಿನ ಹತ್ತಿರ ಒಂದು ಹರಿದ ರಟ್ಟು ಬಿದ್ದಿತ್ತು, ಅಷ್ಟೇ.

ಬರಹದಲ್ಲಿ ಸಿಗದ್ದು ಬಾಯಲ್ಲಿ ಸಿಗುತ್ತದೆ. ಗಿರಣಿಯಲ್ಲಿ ದುಡಿದವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಗಿರಣಿ ಕೂಗಿದಾಗ ಅಡುಗೆ ಮನೆಯಲ್ಲಿ ಏನು ಆಗುತ್ತಿತ್ತು ಎಂದು ಹೆಂಗಸರನ್ನು ಕೇಳಿ. ಮೂರು ಪಾಳಿಗೆ ಮೂರು ಸಲ ಒಲೆ ಹಚ್ಚಿದ ಲೆಕ್ಕ ಹೇಳುತ್ತಾರೆ. ಯಾವ ಹಾಜರಿ ಪುಸ್ತಕದಲ್ಲಿದೆ ಇದು? ನಾಟಕ ಕಂಪನಿಗಳ ಕತೆಯೂ ಹಾಗೇ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಮ್ಮ ಊರಿನದು. ಹ್ಯಾಂಡ್‌ಬಿಲ್ ಸಿಕ್ಕರೆ ನಾಟಕದ ಹೆಸರು, ಟಿಕೆಟ್ ದರ ಗೊತ್ತಾಗುತ್ತದೆ. ರಾತ್ರಿ ಆಟ ಮುಗಿದ ಮೇಲೆ ಜನ ಎಲ್ಲಿ ನಿಂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು ಎಂದು ತಿಳಿಯಲು ಆಟ ನೋಡಿದವರೇ ಬೇಕು.

ರೆಕಾರ್ಡ್ ಮಾಡುವಾಗ ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ‘ಆ ಕಾಲ ಚೆನ್ನಾಗಿತ್ತಾ?’ ಎಂದು ಕೇಳಬೇಡಿ. ‘ಹ್ಞೂ ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಮೊದಲನೇ ದಿನ ಗಿರಣಿಗೆ ಹೋದಾಗ ಬುತ್ತಿಯಲ್ಲಿ ಏನಿತ್ತು?’ ಎಂದು ಕೇಳಿ ಸುಮ್ನೆ ಕೂತುಬಿಡಿ. ಒಂದು ಫೋಟೋ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಹೆಸರಿಲ್ಲದ ಆ ಹನ್ನೊಂದು ಫೋಟೋಗಳಲ್ಲಿ ನಾಲ್ವರ ಗುರುತು ಹೀಗೆ ಸಿಕ್ಕಿತು. ಒಬ್ಬ ಅಜ್ಜಿ ಮುಖ ನೋಡಲೇ ಇಲ್ಲ, ಪೇಟ ಸುತ್ತಿದ ರೀತಿ ನೋಡಿ ಮನೆತನ ಹೇಳಿದರು. ಪತ್ರದಲ್ಲಿದ್ದ ‘ಅಣ್ಣ’ ಯಾರು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಇಂಥ ಕೋಣೆಗಳು ಮುಚ್ಚುವುದು ದುಡ್ಡಿಲ್ಲದೆ ಅಲ್ಲ, ಜನ ಇಲ್ಲದೆ. ಎಲ್ಲ ತಲೆಯಲ್ಲಿಟ್ಟುಕೊಂಡ ಒಬ್ಬ ಹಿರಿಯರು ಇರುತ್ತಾರೆ. ಅವರು ಹೋದ ದಿನ ಬೀಗದ ಕೈ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಮಕ್ಕಳು ಬೇರೆ ಊರಲ್ಲಿರುತ್ತಾರೆ, ಮನೆ ಖಾಲಿ ಮಾಡಬೇಕು, ಕಾಗದ ತಿರುಗಿ ರದ್ದಿಗೆ. ಅದಕ್ಕೇ ಸಂಗ್ರಹ ಒಬ್ಬರ ಹೆಸರಿನಲ್ಲಿ ಇರಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಣಿ ಮಾಡಬಹುದು. ಬೈಲಾದಲ್ಲಿ, ಅಂದರೆ ಸಂಘದ ನಿಯಮಗಳ ಪತ್ರದಲ್ಲಿ, ಒಂದು ಸಾಲು ಕಡ್ಡಾಯವಾಗಿ ಬರೆಯಿರಿ: ಸಂಘ ನಿಂತುಹೋದರೆ ಸಂಗ್ರಹ ಒಡೆಯದೆ ಯಾವ ಸಂಸ್ಥೆಗೆ ಹೋಗಬೇಕು ಎಂಬುದು. ಆ ಸಂಸ್ಥೆಯನ್ನು ಮೊದಲೇ ಕೇಳಿ ಒಪ್ಪಿಸಿರಬೇಕು. ಬೀಗದ ಕೈ ಮೂರು ಜನರ ಹತ್ತಿರ ಇರಲಿ. ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಲಕೋಟೆಯಲ್ಲಿರಲಿ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಟ್ರಂಕು ಇರಬಹುದು. ಮನೆ ರಿಪೇರಿಗೋ, ಪಾಲಿಗೋ, ಹಬ್ಬದ ಸಾರಣೆಗೋ ಅದು ಕೆಳಗಿಳಿಯುವ ದಿನ ಬರುತ್ತದೆ. ಅವತ್ತು ಧೂಳು ಒರೆಸಬೇಡಿ, ಬಿಸಿಲಿಗೆ ಹರವಬೇಡಿ. ಅಟ್ಟದ ಮೇಲೆ ಅದು ಇದ್ದ ಜಾಗದಲ್ಲೇ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರನ್ನು ಕರೆದು ಕುರ್ಚಿ ಹಾಕಿ ಕೂರಿಸಿ. ಕೈಗೆ ಒಂದು ನೋಟ್‌ಬುಕ್, ಪೆನ್ಸಿಲ್ ತೆಗೆದುಕೊಳ್ಳಿ. ಆಮೇಲೆ ಮುಚ್ಚಳ ತೆರೆಯಿರಿ.